ಅಪ್ಪನ ವಹಿಯಲ್ಲಿ ನಿನ್ನ ಹುಟ್ಟಿದ ದಿನ ಸಿಕ್ಕಿತು

ಕಿಚನರ್, ಕೆನಡಾ
12 ಮಾರ್ಚ್ 2025, ಬುಧವಾರ

ತಂಗಿಗೆ ಅಕ್ಕನ ಆಶೀರ್ವಾದ. ನಿಮ್ಮನೆಯವರಿಗೆ ಶರಣು. ಮಕ್ಕಳು ಮೊಮ್ಮಕ್ಕಳಿಗೆಲ್ಲ ನನ್ನ ಪ್ರೀತಿ.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಭಾನುವಾರ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದವಳು ಮತ್ತೆ ಕಾಗದ ಯಾಕೆ ಬರೆದಳು ಅಂತ ಗಾಬರಿ ಆಗಬೇಡ. ಒಳ್ಳೆಯ ಸುದ್ದಿಯೇ. ಭಾನುವಾರ ಎರಡು ಸಲ ಬಾಯಿಗೆ ಬಂದಿತ್ತು, ತಡೆದುಕೊಂಡೆ. ಫೋನಿನಲ್ಲಿ ಹೇಳಿದರೆ ನೀನು "ಹೌದೇನಕ್ಕಾ" ಅನ್ನುತ್ತೀ, ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಆಮೇಲೆ ಮಾತು ನಿನ್ನ ಮೊಣಕಾಲಿಗೆ, ನನ್ನ ಬಿಪಿಗೆ ಹೋಗಿಬಿಡುತ್ತದೆ. ಇದು ಹಾಗೆ ಹೋಗಬಾರದ ಮಾತು. ನೀನು ಕೈಯಲ್ಲಿ ಹಿಡಿದು ಓದಬೇಕು, ಬೇಕಾದಾಗ ಮತ್ತೆ ತೆಗೆದು ಓದಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹುಟ್ಟಿದ ದಿನ ಸಿಕ್ಕಿದೆ. ಅಪ್ಪನ ಕೈಬರಹದಲ್ಲೇ ಇದೆ.

ಸಾಲಿ ಸೇರಿಸುವಾಗ ಮಾಸ್ತರರು ನಮಗೆಲ್ಲ ಜೂನ್ 1 ಅಂತ ಬರೆದುಕೊಂಡರಲ್ಲ, ನಿನ್ನದು 1951 ಅಂತ ಇದೆಯಲ್ಲ, ಅದು ಸುಳ್ಳು. ನೀನು ಹುಟ್ಟಿದ್ದು 1952ರ ಡಿಸೆಂಬರಿನಲ್ಲಿ, ಎಳ್ಳಾಮಾಸಿ ಹಬ್ಬದ ಮರುದಿನ. ನಿನ್ನ ಆಧಾರ್ ಕಾರ್ಡಿಗಿಂತ ನೀನು ಒಂದೂವರೆ ವರ್ಷ ಚಿಕ್ಕವಳು. ಆದರೆ ಕಾಗದ ಬರೆಯಲು ಕೂತಿದ್ದು ಅದೊಂದಕ್ಕೇ ಅಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸಾವಕಾಶ ಹೇಳುತ್ತೇನೆ, ಹಾರಿಸಿ ಓದಬೇಡ.

ಊರಿನ ಮನೆ ಮಾರಿದಾಗ ಪಾತ್ರೆ ಪಡಗ ಎಲ್ಲ ಹಂಚಿಕೊಂಡೆವಲ್ಲ, ಆಗ ನಾನು ಅಪ್ಪನ ಒಂದು ಉದ್ದನೆಯ ಲೆಕ್ಕದ ವಹಿ ಇಟ್ಟುಕೊಂಡಿದ್ದೆ, ನೆನಪಿದೆಯಾ? ಕೆಂಪು ಅರಿವೆಯ ಹೊದಿಕೆ, ನಡುವೆ ದಾರ ಹಾಕಿ ಹೊಲಿದದ್ದು. ಓದಲಿಕ್ಕೆ ಬರದಿದ್ದರೂ ಅಪ್ಪನ ಅಕ್ಷರ ಅಂತ ಇಟ್ಟುಕೊಂಡೆ. ಇಲ್ಲಿಗೆ ಬರುವಾಗ ಸೂಟ್‌ಕೇಸ್ 23 ಕೆಜಿ ದಾಟಬಾರದು ಅಂತ ಮಗಳು ಒಂದೊಂದೇ ತೆಗೆಸಿದಳು. ಶೇಂಗಾ ಹಿಂಡಿ ಅರ್ಧ ತೆಗೆದೆ, ಹಿತ್ತಾಳೆ ಚರಿಗೆ ತೆಗೆದೆ. ವಹಿ ಮತ್ತು ಅವ್ವನ ಕೌದಿ ಮಾತ್ರ ತೆಗೆಯಲಿಲ್ಲ. ಕೌದಿಯ ಮಡಿಕೆಯೊಳಗೆ ವಹಿ ಇಟ್ಟು ತಂದೆ.

ನಮ್ಮಪ್ಪ ಕಲಿತದ್ದೆಲ್ಲ ಉರ್ದು. ನಿಜಾಮನ ಕಾಲ, ಕಚೇರಿ ಕೋರ್ಟು ಎಲ್ಲ ಅದರಲ್ಲೇ. ಕಾಳುಕಡಿಯ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದ್ದೂ ಆ ಬರಹದಿಂದಲೇ. ಮನೆಯಲ್ಲಿ ಮಾತಾಡುವುದು ಕನ್ನಡ, ದೇವರ ಮುಂದೆ ಹೇಳುವುದು ವಚನ, ಬರೆಯುವುದು ಮಾತ್ರ ಬಲಗಡೆಯಿಂದ. 1956ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ನಾವು ಕನ್ನಡ ಸಾಲಿಗೆ ಹೋದೆವು. ಒಂದೇ ಮನೆಯಲ್ಲಿ ಅಪ್ಪ ಬರೆದದ್ದು ಮಕ್ಕಳಿಗೆ ತಿಳಿಯದ ಹಾಗಾಯಿತು. ನನಗೆ ಇದು ಎಷ್ಟೋ ಸಲ ಬಹಳ ಸಂಕಟ ಮಾಡಿದೆ. ಅಪ್ಪ ಎದುರಿಗೇ ಕೂತು ಬರೆಯುತ್ತಿದ್ದ, ನಾವು ದೌತಿ ಹಿಡಿದುಕೊಂಡು ನಿಲ್ಲುತ್ತಿದ್ದೆವು, ಏನು ಬರೆದಿ ಅಂತ ಒಂದು ದಿನವೂ ಕೇಳಲಿಲ್ಲ.

ಇಲ್ಲಿ ಮಗಳ ಮನೆಗೆ ಹತ್ತಿರ ಒಂದು ಗ್ರಂಥಾಲಯ ಇದೆ. ವಾರಕ್ಕೊಮ್ಮೆ ಹೊರದೇಶದಿಂದ ಬಂದವರನ್ನು ಕೂಡಿಸಿಕೊಂಡು ಇಂಗ್ಲಿಷ್ ಮಾತಾಡುವುದು ಕಲಿಸುತ್ತಾರೆ. ಸುಮ್ನೆ ಮನೆಯಲ್ಲಿ ಕೂತು ಕಿಟಕಿ ನೋಡುವುದಕ್ಕಿಂತ ವಾಸಿ ಅಂತ ಹೋಗತೊಡಗಿದೆ. ಅಲ್ಲಿ ಹೈದರಾಬಾದಿನ ಒಬ್ಬಾಕೆ ಪರಿಚಯ ಆದರು. ನನಗಿಂತ ಎರಡು ಮೂರು ವರ್ಷ ದೊಡ್ಡವರು, ನಾನು ಆಪಾ ಅನ್ನುತ್ತೇನೆ. ಮೊದಲ ದಿನ ಅವರು ತಮ್ಮ ಮಗನಿಗೆ ಫೋನಿನಲ್ಲಿ "ನಕ್ಕೋ, ನಕ್ಕೋ", ಬೇಡ ಬೇಡ, ಅಂದದ್ದು ಕಿವಿಗೆ ಬಿತ್ತು. ನನಗೆ ಎದೆ ತುಂಬಿ ಬಂತು ನೋಡು. ಕಲಬುರಗಿಯ ಚೌಕದಲ್ಲಿ, ಬಂದೇನವಾಜ್ ದರ್ಗಾದ ಓಣಿಯಲ್ಲಿ, ಸೂಪರ್ ಮಾರ್ಕೆಟಿನ ತರಕಾರಿ ಸಾಲಿನಲ್ಲಿ ದಿನಾ ಕೇಳುತ್ತಿದ್ದ ಮಾತು. ಹಿಮದ ಊರಲ್ಲಿ ಕೇಳಿದರೆ ನಮ್ಮ ಮನೆಯವರೇ ಕರೆದ ಹಾಗೆ ಆಗುತ್ತದೆ. ಅವತ್ತೇ ಇಬ್ಬರೂ ಇಂಗ್ಲಿಷ್ ಬಿಟ್ಟು ನಮ್ಮ ಕಡೆಯ ಉರ್ದು, ದಖನಿಯಲ್ಲಿ ಮಾತಾಡುತ್ತಾ ಕೂತೆವು.

ಕಳೆದ ಶನಿವಾರ ಅವರನ್ನು ಊಟಕ್ಕೆ ಕರೆದಿದ್ದೆ. ಜೋಳದ ರೊಟ್ಟಿ ಮಾಡಿದೆ. ಇಲ್ಲಿ ಅಂಗಡಿಯ ಹಿಟ್ಟು ಹಳೆಯದಾಗಿರುತ್ತದೆ, ಜಿಗಿ ಇರುವುದಿಲ್ಲ, ಎಸರು ಎಷ್ಟು ಕುದಿಸಿ ಹಾಕಿದರೂ ಬಡಿಯುವಾಗ ಅಂಚು ಸೀಳುತ್ತದೆ. ಆದರೂ ಮೂರು ಚೆನ್ನಾಗಿ ಬಂದವು. ಹಿಂಡಿ ಪಲ್ಯೆ, ತೊಗರಿಬೇಳೆ ಸಾರು ಮಾಡಿದ್ದೆ. ನಮ್ಮ ಕಡೆಯ ತೊಗರಿಬೇಳೆ ಬೇಗ ಬೇಯುತ್ತದೆ, ಆ ರುಚಿ ಬೇರೆಯದಕ್ಕಿಲ್ಲ. 2019ರಲ್ಲಿ ಅದಕ್ಕೆ ಇಂಥ ಊರಿನದು ಅನ್ನುವ ಜಿಐ ಗುರುತು ಸಿಕ್ಕಾಗ ನಿನ್ನ ಮಗ ಪೇಪರಿನ ಫೋಟೋ ಕಳಿಸಿದ್ದ, ಅದನ್ನು ಆಪಾಗೆ ಹೇಳಿದೆ. ಊಟ ಆದ ಮೇಲೆ ಚಹಾ ಕುಡಿಯುತ್ತಾ ವಹಿ ತಂದು ಅವರ ಮುಂದಿಟ್ಟೆ.

ಅವರು ಕನ್ನಡಕ ಒರೆಸಿಕೊಂಡರು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡರು. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಅಂಚನ್ನೆಲ್ಲ ಹುಳ ತಿಂದಿದೆ. "ಶಿಕಸ್ತಾ ಹೈ" ಅಂದರು. ಅಂದರೆ ಗುಮಾಸ್ತರು ಓಡಿಸಿ ಬರೆಯುವ ಮುರಿದ ಅಕ್ಷರ, ಎಲ್ಲರಿಗೂ ಓದಲು ಬರುವುದಿಲ್ಲವಂತೆ. ಅವರ ತಂದೆಯೂ ಕಚೇರಿಯಲ್ಲಿ ಇದ್ದವರು, ಅದಕ್ಕೇ ಅವರಿಗೆ ಬರುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಮೊದಲೆಲ್ಲ ಬರೀ ಲೆಕ್ಕ. ತೊಗರಿ ಇಷ್ಟು ಪಲ್ಲಾ, ಜೋಳ ಇಷ್ಟು, ಬಾಡಿಗೆ ಬಂಡಿ, ಹಮಾಲರ ಕೂಲಿ. ದುಡ್ಡೆಲ್ಲ ಹಾಲಿ ಸಿಕ್ಕಾದಲ್ಲಿ, ನಿಜಾಮನ ನಾಣ್ಯದಲ್ಲಿ. ಏಳು ಹಾಲಿ ರೂಪಾಯಿಗೆ ಆರು ಕಂಪನಿ ರೂಪಾಯಿ, ಅಂದರೆ ಬ್ರಿಟಿಷರ ರೂಪಾಯಿ, ಅಂತ ಅಪ್ಪನ ತಾಯಿ, ನಮ್ಮ ಆಯಿ ಹೇಳುತ್ತಿದ್ದಳಲ್ಲ, ಆಪಾ ಕೂಡ ಅದನ್ನೇ ಅಂದರು. ವರ್ಷ 1362 ಫಸಲಿ ಅಂತ ಹಾಕಿದ್ದಾನೆ, ಫಸಲಿ ಅಂದರೆ ನಿಜಾಮನ ಕಾಲದ ಕಂದಾಯದ ವರ್ಷ. ಡಿಸೆಂಬರಿನ ಲೆಕ್ಕಕ್ಕೆ ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ, 1952. ಜನವರಿ ಬಂದ ಮೇಲೆ 591 ಕೂಡಿಸಬೇಕು.

ನಾನು ರೊಟ್ಟಿ ಬುಟ್ಟಿ ತೆಗೆದಿಡಲು ಎದ್ದಿದ್ದೆ. ಆಪಾ ಹಿಂದಿನಿಂದ ಕರೆದರು. ಒಂದು ಸಾಲಿನಲ್ಲಿ ನಿಂತುಬಿಟ್ಟಿದ್ದರು. ಬಹಮನ್ ತಿಂಗಳು ಅಂತ ಇದೆ, ಅಂದರೆ ಡಿಸೆಂಬರ್, ಅದು ಸರಿ, ಆದರೆ ಮುಂದೆ "ಅಲ್ಮಾಸ್ ಕೆ ದೂಸ್ರೆ ದಿನ್" ಅಂತ ಇದೆಯಲ್ಲ ಅಂದರು. ಅಲ್ಮಾಸ್ ಅಂದರೆ ವಜ್ರ. ವಜ್ರದ ಮರುದಿನ ಅಂದರೆ ಏನು? ನಿಮ್ಮ ತಂದೆ ವಜ್ರದ ವ್ಯಾಪಾರ ಮಾಡುತ್ತಿದ್ದರಾ ಅಂತ ಕೇಳಿದರು. ನಾನೂ ಯೋಚನೆ ಮಾಡಿದೆ. ಅಲ್ಮಾಸ್, ಅಲ್ಮಾಸ್ ಅಂತ ಬಾಯಲ್ಲಿ ಎರಡು ಸಲ ಹೇಳಿಕೊಂಡೆ. ಆಗ ಹೊಳೆಯಿತು. ಎಳ್ಳಾಮಾಸಿ! ಅಪ್ಪ ನಮ್ಮ ಎಳ್ಳಾಮಾಸಿಯನ್ನು ಉರ್ದುವಿನಲ್ಲಿ ಬರೆದಿದ್ದಾನೆ. ಬುಟ್ಟಿ ಕೈಯಲ್ಲೇ ಹಿಡಿದುಕೊಂಡು ಅಲ್ಲೇ ಕೂತೆ.

ಮುಂದಿನ ಸಾಲು ಅವರು ಓದಿದ ಹಾಗೆಯೇ ಬರೆಯುತ್ತೇನೆ. "ಲಡ್ಕೀ ಹುಯೀ. ಮಾಂ ಬೇಟಿ ದೋನೋ ಖೈರಿಯತ್ ಸೇ." ಹೆಣ್ಣು ಮಗು ಹುಟ್ಟಿತು, ತಾಯಿ ಮಗಳು ಇಬ್ಬರೂ ಕ್ಷೇಮ.

ಅದರ ಕೆಳಗೆ ಖರ್ಚು. ಸೂಲಗಿತ್ತಿಗೆ ಸೀರೆ ಒಂದು. ಶುಂಠಿ, ಅಜವಾನ, ಅಳವಿ, ಕೊಬ್ಬರಿ, ಅಂಟು. ಆಮೇಲೆ ಸಕ್ಕರೆ ಐದು ಸೇರು. ಅದರ ಮುಂದೆ "ಬಸ್ತಿಗೆ ಹಂಚಲು" ಅಂತ ಬರೆದಿದ್ದಾನೆ.

ತಂಗಿ, ಐದು ಸೇರು ಸಕ್ಕರೆ. ಇದೇ ನಾನು ಹೇಳಬೇಕಾದ ಮಾತು.

ಆಯಿ ನಿನಗೆ ಏನು ಹೇಳುತ್ತಿದ್ದಳು ಅಂತ ನನಗೂ ಗೊತ್ತು, ನಿನಗೂ ಗೊತ್ತು. "ನಿನ್ನ ಹೊತ್ತಿಗಿ ಯಾರೂ ಸಕ್ಕರಿ ಹಂಚಲಿಲ್ಲ ನೋಡವಾ. ಮೂರನೇದೂ ಹೆಣ್ಣಾತಂತ ನಿಮ್ಮಪ್ಪ ಮೂರು ದಿನ ಮಾತಾಡಲಿಲ್ಲ." ಸಿಟ್ಟು ಬಂದಾಗ ಹೇಳುತ್ತಿದ್ದಳು, ತಲೆ ಬಾಚುವಾಗ ಹೇಳುತ್ತಿದ್ದಳು, ನಿನ್ನ ಮದುವೆಯ ಹಂದರದ ಕೆಳಗೂ ಬೀಗರ ಮುಂದೆ ಹೇಳಿದಳು. ಅವ್ವ ಎದುರು ಮಾತಾಡುವವಳಲ್ಲ, ಅತ್ತೆಯ ಮುಂದೆ ಸೆರಗು ಎಳೆದುಕೊಂಡು ಸುಮ್ಮನಾಗುತ್ತಿದ್ದಳು. ಅಪ್ಪನಂತೂ ಮಾತೇ ಕಡಿಮೆ. ಹಾಗಾಗಿ ಆಯಿ ಹೇಳಿದ್ದೇ ಉಳಿಯಿತು. ನೀನು ಅಪ್ಪನ ಹತ್ತಿರ ಎಂದೂ ಏನೂ ಕೇಳಲಿಲ್ಲ, ನಾನು ನೋಡಿದ್ದೇನೆ. ಜಾತ್ರೆಗೆ ಹೋದಾಗ ನಾನು ಬಳೆಗೆ ಹಟ ಮಾಡುತ್ತಿದ್ದೆ, ತಮ್ಮ ಪೀಪಿಗೆ ಅಳುತ್ತಿದ್ದ, ನೀನು ಅಪ್ಪನ ಹಿಂದೆ ಎರಡು ಹೆಜ್ಜೆ ಬಿಟ್ಟು ಬರುತ್ತಿದ್ದೆ. ಅಪ್ಪ ತೀರಿಕೊಂಡ ದಿನ ನೀನು ನನಗೆ ಅಂದದ್ದು ಈಗಲೂ ಕಿವಿಯಲ್ಲಿದೆ. "ನಾ ಹುಟ್ಟಿದ್ದು ಅಪ್ಪಗ ಬ್ಯಾಡಾಗಿತ್ತು, ಆದರೂ ಸಾಕಿದ." ಎಪ್ಪತ್ತು ವರ್ಷದಿಂದ ನೀನು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀ.

ಬೇಡವಾಗಿದ್ದರೆ ಐದು ಸೇರು ಸಕ್ಕರೆ ಯಾಕೆ ತರುತ್ತಿದ್ದ? ಅಡತ್ ಅಂಗಡಿಯ ಗುಮಾಸ್ತನ ಪಗಾರಕ್ಕೆ ಐದು ಸೇರು ಸಣ್ಣ ಮಾತಲ್ಲ. ನಮ್ಮ ಮನೆಯಲ್ಲಿ ಆಗ ಚಹಾಕ್ಕೂ ಬೆಲ್ಲವೇ ಹಾಕುತ್ತಿದ್ದರು. ಇನ್ನೊಂದು ಗಮನಿಸಿದೆ. ಅಡತ್ ಲೆಕ್ಕದ ನಡುವೆ ಮನೆಯ ಸುದ್ದಿ ಬೇರೆಲ್ಲೂ ಇಲ್ಲ, ಆಪಾ ಇಡೀ ವಹಿ ತಿರುವಿ ನೋಡಿದರು. ಅವ್ವನಿಗೆ ಕಾಯಿಲೆ ಬಂದದ್ದಿಲ್ಲ, ಎತ್ತು ಸತ್ತದ್ದಿಲ್ಲ, ಯಾವುದೂ ಇಲ್ಲ. ನೀನು ಹುಟ್ಟಿದ್ದೊಂದೇ ಇದೆ. ಮಾಲೀಕ ನೋಡುವ ವಹಿಯಲ್ಲಿ ಅದನ್ನು ಬರೆಯಬೇಕು ಅಂತ ಅವನಿಗೆ ಅನ್ನಿಸಿದೆ.

ಆಯಿಯನ್ನು ಬಯ್ಯಬೇಡ. ಅವಳಿಗೆ ಗಂಡು ಮಗು ಬೇಕಿತ್ತು, ಅವಳ ಸಂಕಟ ಅವಳಿಗೆ. ಆದರೆ ಅವಳು ಹೇಳಿದ್ದು ಅವಳ ಮನಸ್ಸಿನದು, ಅಪ್ಪನದಲ್ಲ. ಅಪ್ಪನದು ಇಲ್ಲಿದೆ. ಆ ಪುಟದ ಫೋಟೋ ಮಗಳ ಕೈಯಿಂದ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಕೆಂಪು ಪೆನ್ಸಿಲಿನಿಂದ ಗೆರೆ ಎಳೆದದ್ದು ನಿನ್ನ ಸಾಲು. ಬಲಗಡೆಯಿಂದ ಮೂರನೆಯ ಶಬ್ದವೇ ಎಳ್ಳಾಮಾಸಿ.

ಎಳ್ಳಾಮಾಸಿ ಅಂದಾಗ ಮತ್ತೆ ಎಲ್ಲ ಕಣ್ಣ ಮುಂದೆ ಬರುತ್ತದೆ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚುವುದು, ಅಪ್ಪ ಪಂಚೆ ಮೇಲೆ ಕಟ್ಟಿ ಹೊಲದ ಸುತ್ತ ಚರಗ ಚೆಲ್ಲುತ್ತಾ ಹೋಗುವುದು, ಹಿಂದೆ ನೀರಿನ ತಂಬಿಗೆ ಹಿಡಿದು ನಾವು. ಅವ್ವನ ಭಜ್ಜಿಯ ರುಚಿ ನನಗೆ ಇನ್ನೂ ಕೈಗೆ ಹತ್ತಿಲ್ಲ. ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯೆ, ಪುಂಡಿ, ಗಜ್ಜರಿ, ಹುಣಸೆ ರಸ, ಕಡಲೆ ಹಿಟ್ಟು, ಇಷ್ಟೂ ಹಾಕುತ್ತೇನೆ. ಆದರೂ ಏನೋ ಒಂದು ಬಿಟ್ಟುಹೋಗಿದೆ. ನಿನಗೆ ಗೊತ್ತಿದ್ದರೆ ಬರಿ. ಜೊತೆಗೆ ಸಜ್ಜೆ ಕಡಬು, ಅಂಬಲಿ. ಯೋಚನೆ ಮಾಡು, ಅವ್ವ ಒಂಬತ್ತು ತಿಂಗಳ ಬಸುರಿ, ಅಷ್ಟೆಲ್ಲ ಅಡುಗೆ ಮಾಡಿ ಬಂಡಿಯಲ್ಲಿ ಹೊಲಕ್ಕೆ ಹೋಗಿ ಬಂದಿದ್ದಾಳೆ, ಮರುದಿನ ನೀನು!

ನನ್ನ ಹುಟ್ಟಿದ ದಿನ ಅವ್ವ ಬಾಯಲ್ಲೇ ಹೇಳುತ್ತಿದ್ದಳು. "ಗದ್ದಲ ಮುಗದ ಮ್ಯಾಲಿನ ಬ್ಯಾಸಿಗ್ಯಾಗ ಹುಟ್ಟಿದಾಕಿ ನೀ." ಗದ್ದಲ ಅಂದರೆ ನಿಜಾಮನ ಪರ ನಿಂತ ರಜಾಕಾರರದು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಕಾರ್ಯಾಚರಣೆ ಆಯಿತಲ್ಲ, 13ಕ್ಕೆ ಶುರುವಾಗಿ 17ಕ್ಕೆ ಮುಗಿಯಿತು, ಆ ಲೆಕ್ಕದಲ್ಲಿ ನಾನು 1949ರವಳು. ಅದಕ್ಕೂ ಮುಂಚೆ ನಮ್ಮ ಆಳಂದದ ಕಡೆಯ ಎಷ್ಟೋ ಮನೆಯವರು ರಾತ್ರಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಸೊಲ್ಲಾಪುರ ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ಲಿ ನಿಜಾಮನ ಆಡಳಿತ ಇರಲಿಲ್ಲ. ದೊಡ್ಡಕ್ಕ ಆಗ ಎರಡು ವರ್ಷದವಳು, ಅವಳನ್ನು ಕೌದಿಯಲ್ಲಿ ಸುತ್ತಿ ಬಗಲಿಗೆ ಕಟ್ಟಿಕೊಂಡು ಅವ್ವ ನಡೆದಳಂತೆ. ಮನೆಯ ಕೀಲಿ ಪಕ್ಕದ ಮನೆಯ ಬೂಬಮ್ಮನ ಕೈಯಲ್ಲಿ ಕೊಟ್ಟು ಹೋಗಿದ್ದರು. ವಾಪಸು ಬಂದಾಗ ಜೋಳದ ಹಗೇವು ಮುಚ್ಚಿದ ಹಾಗೇ ಇತ್ತು, ಎಮ್ಮೆಯನ್ನು ಬೂಬಮ್ಮ ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡು ಮೇಯಿಸಿದ್ದಳು. ಅವ್ವ ಸಾಯುವ ತನಕ ಬೂಬಮ್ಮನ ಹೆಸರು ಹೇಳಿಯೇ ಎಮ್ಮೆ ಹಾಲು ಕರೆಯುತ್ತಿದ್ದಳು. ಇದನ್ನೂ ಆಪಾಗೆ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಈಗ ನನ್ನ ಹತ್ತಿರ ಇರುವುದು ಆಮೇಲೆ ಹೊಲಿದ ಕೌದಿ. ನಿನ್ನ ಹಸಿರು ಲಂಗದ ತುಂಡು ಇದೆ, ಅಪ್ಪನ ಧೋತರದ ಅಂಚು ಇದೆ, ಅವ್ವನ ಇಳಕಲ್ ಸೀರೆಯ ಸೆರಗು ನಡುವೆ. ಈ ಊರಿನ ಚಳಿಗೆ ಮಗಳು ಹಕ್ಕಿ ಪುಕ್ಕದ ರಜಾಯಿ ಕೊಡಿಸಿದ್ದಾಳೆ. ನಾನು ಅದರ ಒಳಗೆ ಕೌದಿ ಹೊದ್ದುಕೊಳ್ಳುತ್ತೇನೆ. ಮೊನ್ನೆ ಮೊಮ್ಮಗಳು ನನ್ನ ಪಕ್ಕ ಮಲಗಿದವಳು "ಆಯೀ, ಇದರ ಮೂಲೆಯಲ್ಲಿ ಏನೋ ಗಟ್ಟಿ ಹತ್ತುತ್ತದೆ" ಅಂದಳು. ಕೈ ಇಟ್ಟು ನೋಡಿದೆ. ಜೋಳದ ಕಾಳು. ಕೊನೆಯ ಮೂಲೆ ಹೊಲಿಯುವ ಮುಂಚೆ ಅವ್ವ ನಾಲ್ಕು ಕಾಳು ಜೋಳ ಒಳಗೆ ಹಾಕುತ್ತಿದ್ದಳಲ್ಲ, ಕೌದಿ ಬರಿಹೊಟ್ಟೆಯಲ್ಲಿ ಇರಬಾರದು ಅಂತ. ಅವಳ ಕೈ ಹಾಕಿದ ಕಾಳು ಇನ್ನೂ ಅಲ್ಲೇ ಇವೆ. ಮೊಮ್ಮಗಳು ಅವತ್ತಿನಿಂದ ಆ ಮೂಲೆಯನ್ನೇ ಬೆರಳಿನಿಂದ ಒತ್ತುತ್ತಾ ನಿದ್ದೆ ಹೋಗುತ್ತಾಳೆ.

ಇಲ್ಲಿಯ ಹೆಂಗಸರೂ ಕೌದಿ ಹೊಲಿಯುತ್ತಾರೆ ಅಂದರೆ ನಂಬುತ್ತೀಯಾ? ಈ ಊರಿನ ಸುತ್ತ ಮೆನ್ನೊನೈಟ್ ಅಂತ ಒಂದು ಪಂಗಡದವರು ಇದ್ದಾರೆ. ಇನ್ನೂರು ವರ್ಷದ ಹಿಂದೆ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಬಂಡಿ ಕಟ್ಟಿಕೊಂಡು ಬಂದವರು. ಅವರಲ್ಲಿ ಹಳೆಯ ಪದ್ಧತಿ ಬಿಡದವರು ಕಾರು ಇಟ್ಟುಕೊಳ್ಳುವುದಿಲ್ಲ, ಈಗಲೂ ಕುದುರೆ ಗಾಡಿ. ಶನಿವಾರ ಸೇಂಟ್ ಜೇಕಬ್ಸ್ ಸಂತೆಗೆ ಹೋದರೆ ದಾರಿಯಲ್ಲಿ ಕುದುರೆ ಗಾಡಿ ಟಕ ಟಕ ಹೋಗುತ್ತದೆ, ನನಗೆ ಕಲಬುರಗಿ ಸ್ಟೇಷನ್ನಿನ ಮುಂದಿನ ಟಾಂಗಾ ನೆನಪಾಗುತ್ತದೆ. ಹೆಂಗಸರು ಕಾಲು ಮುಚ್ಚುವ ಬಟ್ಟೆ ಹಾಕಿ, ತಲೆ ಕಟ್ಟಿಕೊಂಡು ತರಕಾರಿ ಮಾರುತ್ತಾರೆ. ಮನೆಯಲ್ಲಿ ತಮ್ಮದೇ ಹಳೆಯ ಜರ್ಮನ್ ಮಾತಾಡುತ್ತಾರೆ, ಇಷ್ಟು ತಲೆಮಾರು ಆದರೂ ಬಿಟ್ಟಿಲ್ಲ. ಅದು ನನಗೆ ಬಹಳ ಸೇರಿತು.

ಹೋದ ವರ್ಷ ಮೇ ಕೊನೆಗೆ ಹತ್ತಿರದ ನ್ಯೂ ಹ್ಯಾಂಬರ್ಗಿನಲ್ಲಿ ಅವರ ಕೌದಿ ಹರಾಜು ನೋಡಲು ಹೋಗಿದ್ದೆವು. ವರ್ಷವೆಲ್ಲ ಹೆಂಗಸರು ಕೂಡಿ ಕೂತು ಹೊಲಿದದ್ದನ್ನು ಮಾರಿ, ಬಂದ ದುಡ್ಡನ್ನು ಕಷ್ಟದಲ್ಲಿರುವ ದೇಶಗಳ ಜನರಿಗೆ ಕಳಿಸುತ್ತಾರೆ. ಅವರದು ಅಳತೆ ಮಾಡಿ ಕತ್ತರಿಸಿದ ಹೊಸ ಬಟ್ಟೆ, ನಮ್ಮದು ಹರಿದದ್ದು ಸವೆದದ್ದು. ಹೊಲಿಗೆ ಮಾತ್ರ ಅದೇ, ಸಾಲು ಸಾಲು ಚಿಕ್ಕ ಚಿಕ್ಕದು. ಒಬ್ಬ ಅಜ್ಜಿ ಚೌಕಟ್ಟಿಗೆ ಬಿಗಿದ ಕೌದಿಯ ಮೇಲೆ ಬಗ್ಗಿ ಹೊಲಿಯುತ್ತಿದ್ದರು. ನಾನು ಕೈ ಮಾಡಿ ಕೇಳಿದೆ, ಸೂಜಿ ಕೊಟ್ಟರು. ಒಂದು ಗೇಣು ಹೊಲಿದೆ. ಅವರು ನನ್ನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ ತಲೆ ಆಡಿಸಿದರು. ಅವ್ವ ಕೂಡ ಹಾಗೇ ಹೆಬ್ಬೆರಳು ಆಡಿಸಿ ನೋಡುತ್ತಿದ್ದಳು, ಸರಿ ಇಲ್ಲದಿದ್ದರೆ ಬಿಚ್ಚಿಸುತ್ತಿದ್ದಳು.

ಈ ಊರಿಗೂ ಮೊದಲು ಬೇರೆ ಹೆಸರಿತ್ತು ಗೊತ್ತಾ, ಬರ್ಲಿನ್ ಅಂತ. ಜರ್ಮನಿಯ ಜೊತೆ ಯುದ್ಧ ನಡೆಯುವಾಗ, 1916ರಲ್ಲಿ, ಬದಲಿಸಿದರಂತೆ. ನಾವು ಗುಲಬರ್ಗಾ ಹೋಗಿ 2014ರ ನವೆಂಬರ್ 1ಕ್ಕೆ ಕಲಬುರಗಿ ಆದೆವು. ಅವ್ವ ಅಂತೂ ಮೊದಲಿನಿಂದಲೂ ಕಲಬುರ್ಗಿ ಅಂತಲೇ ಅನ್ನುತ್ತಿದ್ದಳು.

ಹವಾಮಾನ ಕೇಳುತ್ತೀಯಲ್ಲ. ರಾತ್ರಿ ಇನ್ನೂ ನೀರು ಹೆಪ್ಪುಗಟ್ಟುತ್ತದೆ, ಹಗಲು ಸ್ವಲ್ಪ ಕರಗುತ್ತದೆ. ಹೀಗಿದ್ದಾಗಲೇ ಮೇಪಲ್ ಮರದಿಂದ ರಸ ಇಳಿಸುತ್ತಾರೆ. ನಲವತ್ತು ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ. ಆ ಕಾಯಿಸುವ ಮನೆಗೆ ಹೋಗಿದ್ದೆವು, ಹೊಗೆ, ಆವಿ, ಸಿಹಿ ವಾಸನೆ, ನಮ್ಮ ಕಡೆಯ ಬೆಲ್ಲದ ಗಾಣದಲ್ಲಿ ನಿಂತ ಹಾಗೇ ಆಯಿತು. ಮೊನ್ನೆ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಮಾಡಿದ್ದಾರೆ. ಇನ್ನು ನವೆಂಬರ್ ತನಕ ನಮಗೂ ನಿಮಗೂ ಒಂಬತ್ತೂವರೆ ಗಂಟೆ ಫರಕು, ಫೋನ್ ಮಾಡುವಾಗ ನೆನಪಿರಲಿ.

ನಾಡಿದ್ದು ಹೋಳಿ, ಆಮೇಲೆ ಐದನೇ ದಿನಕ್ಕೆ ಶರಣಬಸವೇಶ್ವರ ಜಾತ್ರೆ. ಈ ಕಾಗದ ಮುಟ್ಟುವ ಹೊತ್ತಿಗೆ ತೇರು ಎಳೆದು ಮುಗಿದಿರುತ್ತದೆ. ಉರಿ ಬಿಸಿಲಿನಲ್ಲಿ ಜನದ ನಡುವೆ ನಿಂತು ತೇರಿಗೆ ಉತ್ತತ್ತಿ ಎಸೆಯುವುದು ಈ ಸಲವೂ ನನಗೆ ತಪ್ಪಿತು. ನನ್ನ ಪಾಲಿನದನ್ನೂ ನೀನೇ ಎಸೆದಿರುತ್ತೀ, ಕೇಳುವುದೇ ಬೇಡ ಅಲ್ವಾ?

ನಾನು ಈಗ ದಿನಾ ಬೆಳಿಗ್ಗೆ ಎರಡು ಪುಟ ಬರೆಯುತ್ತೇನೆ. ಮಗಳು ಶಾಲೆಯ ನೋಟ್‌ಬುಕ್ ತಂದುಕೊಟ್ಟಿದ್ದಾಳೆ, ಮೂರನೆಯದು ನಡೆಯುತ್ತಿದೆ. ಊರಿನ ಬಾವಿ, ಬೀಸುವ ಕಲ್ಲು, ಯಾರ ಮನೆಯ ಮದುವೆಗೆ ಎಷ್ಟು ಬಂಡಿ ಹೋಗಿದ್ದವು, ಹೀಗೆ ನೆನಪಿಗೆ ಬಂದದ್ದು. ಬರೆಯುವ ಚಟ ನನಗೆ ಹಳೆಯದು. ನಾಲ್ಕನೇ ಇಯತ್ತೆಯಲ್ಲಿ ಇದ್ದಾಗಲೇ ಓಣಿಯ ಹೆಂಗಸರಿಗೆಲ್ಲ ನಾನೇ ಕಾಗದ ಬರೆದುಕೊಡುತ್ತಿದ್ದೆ. ಗಂಡಂದಿರು ಸೊಲ್ಲಾಪುರದ ಮಿಲ್ಲಿಗೆ, ಮುಂಬೈಗೆ ದುಡಿಯಲು ಹೋದವರು. "ಉಭಯ ಕುಶಲೋಪರಿ ಸಾಂಪ್ರತ" ಅಂತ ಶುರು ಮಾಡಿ ಮುಂದೇನು ಅಂತ ಮುಖ ನೋಡುತ್ತಿದ್ದೆ. ಕೊನೆ ಮನೆಯ ಕಾಕಿ ಬಹಳ ಹೊತ್ತು ಕೂತು ಸೆರಗಿನ ತುದಿ ತಿರುವಿ ತಿರುವಿ "ಎಮ್ಮಿ ಈದದ, ಗಿಣ್ಣ ಮಾಡೀನಿ ಅಂತ ಬರಿ" ಅಂದಳು. ಅಷ್ಟೇ. ಬಾ ಅಂತ ಬರೆಯಲಾ ಅಂತ ಕೇಳಿದೆ. ಬ್ಯಾಡ, ಗಿಣ್ಣದ ಸುದ್ದಿ ಸಾಕು ಅಂದಳು. ಎಂಟು ದಿನಕ್ಕೆ ಆತ ಊರಿಗೆ ಬಂದಿದ್ದ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಅಪ್ಪನ ಉಳಿದ ವಹಿಗಳು ನಿನ್ನ ಮನೆಯ ನಾಗೊಂದಿಗೆಯ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ಇರಬೇಕು. ಮನೆಗೆ ಸುಣ್ಣ ಹಚ್ಚುವಾಗ ನಿನ್ನ ಸೊಸೆ ರದ್ದಿಗೆ ಹಾಕುವ ಮಾತು ಆಡಿದ್ದಳು ಅಂತ ನೀನೇ ಹೇಳಿದ್ದೆ. ಅವಳಿಗೆ ಬಯ್ಯಬೇಡ, ಆದರೆ ಪೆಟ್ಟಿಗೆ ಇವತ್ತೇ ಕೆಳಗೆ ಇಳಿಸು. ನೀನು ಏರಬೇಡ, ಮಗನನ್ನು ಏರಿಸು. 1358 ಫಸಲಿಯ ವಹಿ ಇದ್ದರೆ ಅದರಲ್ಲಿ ನನ್ನದೂ ಸಿಗಬಹುದು. ಆ ಅಂಕಿ ಉರ್ದುವಿನಲ್ಲಿ ಹೇಗಿರುತ್ತದೆ ಅಂತ ಆಪಾ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಲಕೋಟೆಯೊಳಗೆ ಇದೆ, ಅದೇ ಆಕಾರದ ಅಂಕಿ ಹುಡುಕಲಿ. ಸಿಕ್ಕರೆ ಬೆಳಕಿನಲ್ಲಿ ಇಟ್ಟು ಒಂದೊಂದು ಪುಟದ ಫೋಟೋ ತೆಗೆದು ಕಳಿಸಲಿ. ಪುಟ ಅಂಟಿಕೊಂಡಿದ್ದರೆ ಜಗ್ಗಬಾರದು. ವಹಿಗಳ ನಡುವೆ ಒಣಗಿದ ಬೇವಿನ ಎಲೆ ಇಡು.

ನೀನು ಓದಿದ ಮೇಲೆ ನನಗೆ ಬರಿ. ಫೋನ್ ಬೇಡ, ಕೈಯಲ್ಲೇ ಬರಿ, ಕೈ ನಡುಗಿದರೂ ಪರವಾಗಿಲ್ಲ, ಎರಡೇ ಸಾಲಾದರೂ ಸರಿ.

ಈ ಎಳ್ಳಾಮಾಸಿಯ ಮರುದಿನ ನಿನಗೆ 73 ತುಂಬುತ್ತದೆ. ಐದು ಸೇರು ಸಕ್ಕರೆ ತರಿಸಿ ಓಣಿಗೆ ಹಂಚು. ದುಡ್ಡು ನಾನು ಕಳಿಸುತ್ತೇನೆ.

ನಿನ್ನ ಅಕ್ಕ